ತಾಜಾ ಹಣ್ಣಿನಲ್ಲಿರುವ ಸಹಜ ವಿಷವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆಯಬಹುದೇ?

ಬ್ಯುರೆಟ್ ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹನ್ನೆರಡನೇ ತರಗತಿಯ ಮಕ್ಕಳು ವರ್ಷವರ್ಷವೂ ಪ್ರಾಜೆಕ್ಟಿಗೆಂದು ಆರಿಸಿಕೊಳ್ಳುವ ಒಂದು ಪ್ರಯೋಗವಿದೆ: ಪೇರಲದ ಕಾಯಿ, ದೋರುಗಾಯಿ, ಹಣ್ಣು ಈ ಮೂರು ಹಂತಗಳಲ್ಲಿ ಆಕ್ಸಲೇಟ್ (ಆಕ್ಸಲಿಕ್ ಆಮ್ಲ ಮತ್ತು ಅದರ ಲವಣಗಳು) ಎಷ್ಟಿದೆ ಎಂದು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ ಟೈಟ್ರೇಷನ್ ಮಾಡಿ, ಅಂದರೆ ಬಣ್ಣ ನಿಲ್ಲುವವರೆಗೆ ಅದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತೆಂದು ಅಳೆದು, ನೋಡುವುದು. ಈ ಸಲದ ತಂಡಕ್ಕೆ ಪೇರಲ ಸಾಕೆನಿಸಿಲ್ಲ. 2019ರ ಬೇಸಿಗೆಯಲ್ಲಿ ಬಿಹಾರದ ಮುಜಫ್ಫರಪುರದಲ್ಲಿ ಮಕ್ಕಳು ಸಾವಿಗೀಡಾದಾಗ ಲಿಚಿ ಹಣ್ಣಿನ ಹೆಸರು ಕೇಳಿಬಂದದ್ದನ್ನು ಓದಿಕೊಂಡು ಬಂದು, ನಮ್ಮ ಮಾರುಕಟ್ಟೆಗೆ ಬರುವ ಲಿಚಿ, ಕಮರಾಕ್ಷಿ, ಸೀತಾಫಲ ಈ ಮೂರರಲ್ಲಿಯೂ ಇರುವ ಸಹಜ ವಿಷವನ್ನು ತಾವೇ ಅಳೆಯುತ್ತೇವೆ ಎನ್ನುತ್ತಿದ್ದಾರೆ.

ನಮ್ಮಲ್ಲಿರುವುದು ಟೈಟ್ರೇಷನ್ನಿಗೆ ಹನಿ ಬಿಡುವ ಅಳತೆಯ ನಳಿಗೆ ಬ್ಯುರೆಟ್, ವಾಟರ್ ಬಾತ್, ಒಳ್ಳೆಯ ತಕ್ಕಡಿ, ದ್ರಾವಣದ ಬಣ್ಣ ಎಷ್ಟು ಗಾಢವೆಂದು ಅಳೆಯುವ ಹಳೆಯದೊಂದು ಕಲರಿಮೀಟರ್, ಅಷ್ಟೆ. ಇವುಗಳಿಂದ ಯಾವುದನ್ನು ನಂಬುವ ಹಾಗೆ ಅಳೆಯಬಹುದು, ಯಾವುದನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಅಳೆದ ಮೇಲೆ ಬಂದ ಸಂಖ್ಯೆಯನ್ನು ಹಿಡಿದು ಹಣ್ಣು ತಿನ್ನುವವರಿಗೆ ಏನು ಹೇಳಬಹುದು ಎಂಬುದನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ. ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸಿಲ್ಲ. ಹಾಗೆಂದು ತಪ್ಪು ಸಂಖ್ಯೆಯನ್ನು ಚಾರ್ಟಿನ ಮೇಲೆ ಬರೆದು ಪ್ರದರ್ಶನಕ್ಕಿಡುವ ಮನಸ್ಸೂ ಇಲ್ಲ.

ಲ್ಯಾಬ್ ತಕ್ಕಡಿ (ಊರು ಚಿತ್ರದುರ್ಗ, ಕೆಲಸ ಬೆಂಗಳೂರು)

ಮೇಷ್ಟ್ರೇ, ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ವಿಶ್ಲೇಷಕನಾಗಿ ಕೆಲಸ ಮಾಡುವುದರಿಂದ ಇದರಲ್ಲಿ ನನಗೆ ಆಸಕ್ತಿ ಹೆಚ್ಚು. ನೀವು ಹೇಳಿದ ಮೂರು ಹಣ್ಣುಗಳ ವಿಷಗಳು ಒಂದೇ ಜಾತಿಯವಲ್ಲ, ಆದ್ದರಿಂದ ಒಂದೇ ವಿಧಾನಕ್ಕೆ ಅವು ಸಿಗುವುದಿಲ್ಲ. ಕಮರಾಕ್ಷಿಯಲ್ಲಿ ಆಕ್ಸಲಿಕ್ ಆಮ್ಲ ಧಾರಾಳವಾಗಿದೆ, ಜೊತೆಗೆ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದೆ. ಲಿಚಿಯಲ್ಲಿರುವವು ಹೈಪೋಗ್ಲೈಸಿನ್-ಎ ಮತ್ತು ಅದರ ಸಮೀಪದ ಬಂಧುವಾದ ಮೀಥಲೀನ್‌ಸೈಕ್ಲೋಪ್ರೊಪೈಲ್‌ಗ್ಲೈಸಿನ್. ಇವೆರಡೂ ಪ್ರೋಟೀನಿನಲ್ಲಿ ಕಾಣಸಿಗದ ವಿಚಿತ್ರ ಅಮೈನೋ ಆಮ್ಲಗಳು. ಸೀತಾಫಲದ ಕುಟುಂಬದಲ್ಲಿರುವವು ಅಸಿಟೋಜೆನಿನ್ ಎಂಬ ಮೇಣದಂಥ ವಸ್ತುಗಳು. ನಿಮ್ಮ ಬ್ಯುರೆಟ್ಟಿಗೆ ಸಿಗುವುದು ಮೊದಲನೆಯ ಹಣ್ಣಿನ ಆಕ್ಸಲೇಟ್ ಮಾತ್ರ.

ಅದನ್ನಾದರೂ ಸರಿಯಾಗಿ ಮಾಡಬೇಕು. ಪೇರಲದ ಪ್ರಾಜೆಕ್ಟಿನಲ್ಲಿ ಮಕ್ಕಳು ಸಾಮಾನ್ಯವಾಗಿ ಹಣ್ಣನ್ನು ಅರೆದು, ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಸೋಸಿ, ನೇರವಾಗಿ ಪರ್ಮಾಂಗನೇಟ್ ಬಿಡುತ್ತಾರೆ. ಪರ್ಮಾಂಗನೇಟಿಗೆ ಆಕ್ಸಲೇಟ್ ಯಾವುದು, ವಿಟಮಿನ್ ಸಿ ಯಾವುದು, ಸಕ್ಕರೆ ಯಾವುದು ಎಂಬ ಭೇದವಿಲ್ಲ. ಉತ್ಕರ್ಷಣಗೊಳ್ಳುವ ಎಲ್ಲವನ್ನೂ ಅದು ತಿನ್ನುತ್ತದೆ. ಪೇರಲದಲ್ಲಿ ವಿಟಮಿನ್ ಸಿ ಎಷ್ಟಿದೆಯೆಂದು ನಿಮಗೆ ಗೊತ್ತೇ ಇದೆ. ಹೀಗಾಗಿ ನೇರ ಟೈಟ್ರೇಷನ್ನಿನಲ್ಲಿ ಬರುವ ಅಂಕಿ ಆಕ್ಸಲೇಟಿನದೆಂದು ಹೇಳಲಾಗುವುದಿಲ್ಲ, ಅದು ಯಾವಾಗಲೂ ನಿಜಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಸರಿಯಾದ ದಾರಿ ಸ್ವಲ್ಪ ಉದ್ದ. ಸೋಸಿದ ದ್ರಾವಣಕ್ಕೆ ಅಮೋನಿಯ ಸೇರಿಸಿ ಆಮ್ಲತೆಯನ್ನು ಪಿಎಚ್ 4ರಿಂದ 4.5ರ ಆಸುಪಾಸಿಗೆ ತಂದು, ಬಿಸಿಯಿರುವಾಗಲೇ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹಾಕಿ, ರಾತ್ರಿಯಿಡೀ ಬಿಟ್ಟರೆ ಆಕ್ಸಲೇಟ್ ಮಾತ್ರ ಕ್ಯಾಲ್ಸಿಯಂ ಆಕ್ಸಲೇಟಾಗಿ ತಳಕ್ಕಿಳಿಯುತ್ತದೆ, ಸಕ್ಕರೆಯೂ ವಿಟಮಿನ್ನೂ ಮೇಲಿನ ನೀರಿನಲ್ಲಿ ಉಳಿಯುತ್ತವೆ. ಆ ಗಸಿಯನ್ನು ಸೋಸಿ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಮಬ್ಬು ಕಾಣದಷ್ಟು ಹೊತ್ತು ತಣ್ಣೀರಿನಲ್ಲಿ ತೊಳೆಯಬೇಕು, ಏಕೆಂದರೆ ಉಳಿದ ಕ್ಲೋರೈಡ್ ಕೂಡ ಪರ್ಮಾಂಗನೇಟನ್ನು ಕಬಳಿಸುತ್ತದೆ. ಅನಂತರ ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೈಟ್ರೇಷನ್ ಮಾಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲಬೇಕು.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಒತ್ತಿ ಹೇಳಿ. 0.1 ನಾರ್ಮಲ್ ಸಾಂದ್ರತೆಯ ಪರ್ಮಾಂಗನೇಟಿನ 1 ಮಿಲಿಲೀಟರ್‌ಗೆ ಸಮನಾಗುವುದು ನೀರಿನ ಅಣುಗಳಿಲ್ಲದ ಆಕ್ಸಲಿಕ್ ಆಮ್ಲವಾದರೆ 4.5 ಮಿಲಿಗ್ರಾಂ, ಬಾಟಲಿಯಲ್ಲಿ ಸಿಗುವ ಹರಳಿನ ರೂಪವಾದರೆ 6.3 ಮಿಲಿಗ್ರಾಂ. ಯಾವ ರೂಪದಲ್ಲಿ ಲೆಕ್ಕ ಹಾಕಿದ್ದೇವೆಂದು ಬರೆಯದೇ ಹೋದರೆ ಒಂದೇ ಹಣ್ಣು ಒಂದು ವರದಿಯಲ್ಲಿ 1.4 ಪಟ್ಟು ಹೆಚ್ಚು ವಿಷಕಾರಿಯಾಗಿ ಕಾಣುತ್ತದೆ.

ಹೊಂಬಣ್ಣ (ಹರಿಹರ)

ಸರ್, ನೀರಿನಲ್ಲಿ ಕುದಿಸುವುದಕ್ಕೂ ಆಮ್ಲದಲ್ಲಿ ಕುದಿಸುವುದಕ್ಕೂ ವ್ಯತ್ಯಾಸವಿದೆಯೇ? ನಮ್ಮ ಪ್ರಯೋಗದ ಪುಸ್ತಕದಲ್ಲಿ ಎರಡೂ ಕಡೆ ಬೇರೆ ಬೇರೆಯಾಗಿ ಕೊಟ್ಟಿದ್ದಾರೆ.

ಲ್ಯಾಬ್ ತಕ್ಕಡಿ

ದೊಡ್ಡ ವ್ಯತ್ಯಾಸವೇ ಇದೆ. ನೀರಿಗೆ ಬರುವುದು ಕರಗುವ ಆಕ್ಸಲೇಟ್, ಅಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಹಾಗೂ ಬಿಡಿ ಆಮ್ಲ. ಆಮ್ಲಕ್ಕೆ ಇವುಗಳ ಜೊತೆಗೆ ಹಣ್ಣಿನಲ್ಲಿ ಆಗಲೇ ಹರಳುಗಟ್ಟಿ ಕುಳಿತ ಕ್ಯಾಲ್ಸಿಯಂ ಆಕ್ಸಲೇಟೂ ಬರುತ್ತದೆ. ಕರುಳಿನಿಂದ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ತಲುಪುವುದು ಹೆಚ್ಚಾಗಿ ಮೊದಲನೆಯದೇ. ಎರಡನ್ನೂ ಪ್ರತ್ಯೇಕವಾಗಿ ಅಳೆದು, ಎರಡು ಅಂಕಣಗಳಲ್ಲಿ ಬರೆಯುವುದು ಉತ್ತಮ.

ಡಯಾಲಿಸಿಸ್ ವಾರ್ಡಿನ ಸಿಬ್ಬಂದಿ (ದಾವಣಗೆರೆ)

ಕಮರಾಕ್ಷಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮೂತ್ರಪಿಂಡ ವೈಫಲ್ಯವಿರುವವರು ಈ ಹಣ್ಣನ್ನು ತಿಂದಾಗ ಮೊದಲು ಕಾಣುವ ಲಕ್ಷಣ ಬಹಳ ಸಲ ಬಿಡದ ಬಿಕ್ಕಳಿಕೆ. ಆಮೇಲೆ ವಾಂತಿ, ಗೊಂದಲ, ಕೆಲವರಲ್ಲಿ ಫಿಟ್ಸ್, ತಡವಾದರೆ ಸಾವು. ಆರೋಗ್ಯವಂತರ ಮೂತ್ರಪಿಂಡಗಳು ಹೊರಹಾಕಿಬಿಡುವ ವಸ್ತು ಇವರಲ್ಲಿ ರಕ್ತದಲ್ಲೇ ಉಳಿದು ಮಿದುಳಿಗೆ ಏರುತ್ತದೆ. ಆ ನರವಿಷವನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟು 2013ರಲ್ಲಿ ಪ್ರಕಟಿಸಿದವರು ಬ್ರೆಜಿಲ್ಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು. ಅದರ ರಚನೆ ಫಿನೈಲ್‌ಅಲನಿನ್ ಎಂಬ ಸಾಮಾನ್ಯ ಅಮೈನೋ ಆಮ್ಲವನ್ನು ಹೋಲುತ್ತದೆ, ಕೆಲಸ ಮಾತ್ರ ಮಿದುಳಿನ ಗ್ಲುಟಮೇಟ್ ಗ್ರಾಹಿಗಳನ್ನು ಕೆರಳಿಸುವುದು. ಡಯಾಲಿಸಿಸ್ ಬೇಗ ಮಾಡಿದರೆ ಹಲವರು ಚೇತರಿಸಿಕೊಳ್ಳುತ್ತಾರೆ.

ಮೇಷ್ಟ್ರ ವಿದ್ಯಾರ್ಥಿಗಳಿಗೆ ನನ್ನ ಒಂದು ವಿನಂತಿಯಿದೆ. ನೀವು ಆಕ್ಸಲೇಟ್ ಅಳೆದು, ಸಿಹಿ ಜಾತಿಯ ಕಮರಾಕ್ಷಿಯಲ್ಲಿ ಅದು ಕಡಿಮೆಯಿದೆ ಎಂದು ಕಂಡುಕೊಂಡರೆ, "ಈ ಜಾತಿಯ ಹಣ್ಣು ಸುರಕ್ಷಿತ" ಎಂದು ದಯವಿಟ್ಟು ಬರೆಯಬೇಡಿ. ಆ ಟೈಟ್ರೇಷನ್ನಿನ ಕಣ್ಣಿಗೆ ಕ್ಯಾರಂಬಾಕ್ಸಿನ್ ಬೀಳುವುದೇ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ನಮ್ಮಲ್ಲಿ ಹೇಳುವುದು ಒಂದೇ ಮಾತು: ಅರ್ಧ ಹಣ್ಣೂ ಬೇಡ, ಜ್ಯೂಸೂ ಬೇಡ, ಉಪ್ಪಿನಕಾಯಿಯೂ ಬೇಡ.

ಕಮರಾಕ್ಷಿಯ ತಮ್ಮನಂತಿರುವ ಬಿಂಬುಳಿಯ ವಿಚಾರವೂ ಇದೆ. ಕೊಲೆಸ್ಟರಾಲ್ ಇಳಿಯುತ್ತದೆಂಬ ನಂಬಿಕೆಯಿಂದ ಬಿಂಬುಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಟ್ಟ 10 ರೋಗಿಗಳ ವರದಿ 2013ರಲ್ಲಿ ಕೇರಳದಿಂದ ಬಂದಿತ್ತು; ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಹುಳಿಯೆಂದು ಎರಡು ಕಾಯಿ ಹಾಕುವುದು ಬೇರೆ, ಔಷಧಿಯೆಂದು ಬರಿಹೊಟ್ಟೆಯಲ್ಲಿ ಲೋಟಗಟ್ಟಲೆ ಕುಡಿಯುವುದು ಬೇರೆ. ಹಣ್ಣಿನ ರಸವೆಂದರೆ ಹಾನಿಯಿಲ್ಲ ಎಂಬ ಭಾವನೆ ನಮ್ಮ ಕಡೆಯೂ ಬಲವಾಗಿದೆ.

ಮಂಡಿ ಲೆಕ್ಕ (ದಾವಣಗೆರೆ)

ನಾನು ಹಣ್ಣಿನ ವ್ಯಾಪಾರಿ. ಇಲ್ಲಿ ಬರೆಯುವ ಹಿರಿಯರ ಮೇಲೆ ಗೌರವವಿದೆ, ಆದರೆ ಇಂಥ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ "ಲಿಚಿ ವಿಷ, ಸೀತಾಫಲ ವಿಷ" ಎಂಬುದಷ್ಟೇ ಉಳಿಯುತ್ತದೆ, ಮರುದಿನ ಗಾಡಿಯವರ ಮಾಲು ಹಾಗೆಯೇ ಕೂರುತ್ತದೆ. ಸಹಜ ವಿಷ ಅಂದರೆ ಏನು, ನಾವು ಕಾರ್ಬೈಡ್ ಹಾಕಿ ಹಣ್ಣು ಮಾಡುತ್ತೇವೆ ಎಂದು ಬೈಯುತ್ತಾರಲ್ಲ ಅದೇನು, ಇವೆರಡನ್ನೂ ಮೊದಲು ಬೇರೆ ಮಾಡಿ ಹೇಳಿ.

ಲಿಚಿಯ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ. ಮಾವು, ಬಾಳೆ, ಪಪ್ಪಾಯಿ ಕಾಯಿಯಾಗಿದ್ದಾಗ ಕಿತ್ತರೂ ಮಾಗುತ್ತವೆ. ಲಿಚಿ ಹಾಗಲ್ಲ, ಗಿಡದಲ್ಲೇ ಮಾಗಬೇಕು. ದೋರುಗಾಯಿ ಕಿತ್ತರೆ ಕೊನೆಯವರೆಗೂ ದೋರುಗಾಯಿಯೇ. ದಾರಿಯಲ್ಲಿ ಸಿಪ್ಪೆ ಕಂದುಬಣ್ಣಕ್ಕೆ ತಿರುಗುವುದನ್ನು ಗಿರಾಕಿಗಳು ಹಣ್ಣಾಗಿದ್ದೆಂದೋ ಕೊಳೆತಿದ್ದೆಂದೋ ತಿಳಿಯುತ್ತಾರೆ. ಅದು ತೇವ ಆರಿದ್ದು ಅಷ್ಟೇ.

ನಿವೃತ್ತ ಆಹಾರ ಸುರಕ್ಷತಾ ಅಧಿಕಾರಿ (ಚಿತ್ರದುರ್ಗ)

ಮಂಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟಗಳ 2011ರ ನಿಯಮಗಳಲ್ಲಿ ನಿಷೇಧಿಸಲಾಗಿದೆ; ಅದರ ಬದಲಿಗೆ ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಬಳಸಲು ಅವಕಾಶ ಕೊಡಲಾಗಿದೆ. ಅದು ಮನುಷ್ಯ ಹಾಕುವ ವಸ್ತು, ಹಾಕಿದವರ ಮೇಲೆ ಕ್ರಮ ಕೈಗೊಳ್ಳಬಹುದು. ಸಹಜ ವಿಷವೆಂದರೆ ಗಿಡ ತನ್ನ ರಕ್ಷಣೆಗೆ ತಾನೇ ತಯಾರಿಸಿಕೊಂಡದ್ದು, ಸಾವಯವ ತೋಟದ ಹಣ್ಣಿನಲ್ಲಿಯೂ ಇರುತ್ತದೆ, ಅದಕ್ಕೆ ವ್ಯಾಪಾರಿಯನ್ನು ಹೊಣೆ ಮಾಡಲಾಗದು.

2011ರ ಮಾಲಿನ್ಯಕಾರಕಗಳು, ವಿಷಗಳು ಮತ್ತು ಶೇಷಗಳ ನಿಯಮಗಳಲ್ಲಿ ಸಹಜವಾಗಿರುವ ವಿಷವಸ್ತುಗಳೆಂದು ಪಟ್ಟಿ ಮಾಡಿದ್ದು ನಾಲ್ಕನ್ನು: ಅಗಾರಿಕ್ ಆಮ್ಲ 100 ಪಿಪಿಎಂ, ಹೈಡ್ರೋಸಯಾನಿಕ್ ಆಮ್ಲ 5 ಪಿಪಿಎಂ, ಹೈಪರಿಸಿನ್ 1 ಪಿಪಿಎಂ, ಸ್ಯಾಫ್ರೋಲ್ 10 ಪಿಪಿಎಂ. ಲಿಚಿಯ ಹೈಪೋಗ್ಲೈಸಿನ್ ಆ ಪಟ್ಟಿಯಲ್ಲಿಲ್ಲ. ಬೇರೆ ದೇಶದಲ್ಲಿ ಅದಕ್ಕೊಂದು ಮಿತಿ ಇರುವುದು ಅಕೀ ಹಣ್ಣಿಗೆ. ಜಮೈಕಾದ ರಾಷ್ಟ್ರೀಯ ಹಣ್ಣಾದ ಅಕೀ ಲಿಚಿಯ ಕುಟುಂಬದ್ದೇ, ನಮ್ಮ ಅಂಟುವಾಳವೂ ಅದೇ ಕುಟುಂಬದ್ದು. ಡಬ್ಬಿಯಲ್ಲಿ ಬರುವ ಅಕೀಯಲ್ಲಿ ಹೈಪೋಗ್ಲೈಸಿನ್-ಎ 100 ಪಿಪಿಎಂ ಮೀರಿದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ಒಳಗೆ ಬಿಡುವುದಿಲ್ಲ. ಕಾಯಿ ಗಿಡದಲ್ಲಿ ತಾನಾಗಿ ಬಾಯಿ ಬಿಡುವ ಮೊದಲೇ ಕಿತ್ತ ಅಕೀ ತಿಂದವರಿಗೆ ಬರುವ ರೋಗಕ್ಕೆ ಜಮೈಕಾದ ವಾಂತಿರೋಗ ಎಂದೇ ಹೆಸರಿದೆ.

ತಾಜಾ ಹಣ್ಣಿನ ಮಾದರಿ ತೆಗೆಯುವುದರ ಕಷ್ಟವನ್ನೂ ಹೇಳಬೇಕು. 2006ರ ಕಾಯಿದೆಯ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾನೆ, ವಿಶ್ಲೇಷಕರಿಗೆ ವರದಿ ಕೊಡಲು 14 ದಿನಗಳ ಅವಕಾಶವಿದೆ. ಎಣ್ಣೆ, ಬೇಳೆ, ಮಸಾಲೆಪುಡಿಗೆ ಈ ವ್ಯವಸ್ಥೆ ಸಲೀಸು. ಮಾಗುವ ಹಣ್ಣಿಗೆ 14 ದಿನವೆಂದರೆ ಒಂದು ಜನ್ಮ. ತೆಗೆದ ದಿನ ದೋರುಗಾಯಿಯಾಗಿದ್ದ ಪಪ್ಪಾಯಿ ಪರೀಕ್ಷೆಯ ಮೇಜು ಸೇರುವ ಹೊತ್ತಿಗೆ ಬೇರೆಯೇ ಹಣ್ಣಾಗಿರುತ್ತದೆ, ಎರಡನೇ ಪಾಲನ್ನು ಮೇಲ್ಮನವಿಗೆ ತೆರೆದಾಗ ಮೂರನೆಯದೇ ಸಂಖ್ಯೆ ಬಂದರೆ ಯಾರನ್ನು ನಂಬುವುದು? ತಕ್ಷಣ ಹೆಪ್ಪುಗಟ್ಟಿಸದ ಹಣ್ಣಿನ ಮಾದರಿಯನ್ನು ನಾನಂತೂ ಸಾಕ್ಷಿಯೆಂದು ಒಪ್ಪುವುದಿಲ್ಲ.

ಬ್ಯುರೆಟ್ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಮುಜಫ್ಫರಪುರದಲ್ಲಿ ಲಿಚಿಯೇ ಕಾರಣವೆಂದು ಹೇಗೆ ಗೊತ್ತಾಯಿತು ಎಂಬುದನ್ನು ತಕ್ಕಡಿಯವರು ಸ್ವಲ್ಪ ವಿವರಿಸಬಹುದೇ? ಹಣ್ಣನ್ನು ಅಳೆದು ಗೊತ್ತಾಯಿತೋ, ಮಕ್ಕಳನ್ನು ಪರೀಕ್ಷಿಸಿ ಗೊತ್ತಾಯಿತೋ?

ಲ್ಯಾಬ್ ತಕ್ಕಡಿ

ಎರಡೂ ಸೇರಿದಾಗ ಗೊತ್ತಾಯಿತು, ಅದಕ್ಕೇ ಆ ತನಿಖೆ ಓದಲು ಯೋಗ್ಯವಾದದ್ದು. ಅಲ್ಲಿ 1990ರ ದಶಕದಿಂದಲೂ ಲಿಚಿ ಕೊಯ್ಲಿನ ಮೇ–ಜೂನ್ ತಿಂಗಳಲ್ಲಿ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಎಚ್ಚರ ತಪ್ಪುತ್ತಿದ್ದರು. ಮಳೆ ಹಿಡಿಯುತ್ತಲೇ ರೋಗ ನಿಲ್ಲುತ್ತಿತ್ತು. ಮೊದಲು ಜಪಾನೀಸ್ ಮಿದುಳು ಜ್ವರ ಎಂದುಕೊಂಡರು, ಬಿಸಿಲಿನ ಹೊಡೆತ ಎಂದರು, ಕೀಟನಾಶಕ ಎಂದರು. ವೆಲ್ಲೂರಿನ ವೈರಾಣುತಜ್ಞ ಟಿ. ಜೇಕಬ್ ಜಾನ್ ಮತ್ತು ಮುಕುಲ್ ದಾಸ್ ಅವರು ಇದು ಸೋಂಕಲ್ಲ, ಲಿಚಿಯ ವಿಷವಿರಬಹುದು ಎಂಬ ಊಹೆಯನ್ನು 2014ರಲ್ಲಿ ಮುಂದಿಟ್ಟರು. ಅದೇ ವರ್ಷ ಭಾರತದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಜಂಟಿಯಾಗಿ ತನಿಖೆ ನಡೆಸಿ, 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದವು.

2014ರ ಮೇ 26ರಿಂದ ಜುಲೈ 17ರವರೆಗೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ ದಾಖಲಾದ 390 ರೋಗಿಗಳಲ್ಲಿ 122 ಜನ ತೀರಿಕೊಂಡಿದ್ದರು. ಮೂತ್ರ ಪರೀಕ್ಷಿಸಿದ 73 ರೋಗಿಗಳಲ್ಲಿ 48 ಜನರಲ್ಲಿ ಈ ಎರಡು ವಿಷಗಳ ಚಯಾಪಚಯ ಶೇಷಗಳು ಸಿಕ್ಕವು, ಹೋಲಿಕೆಗೆ ತೆಗೆದುಕೊಂಡ, ಬೇರೆ ಕಾಯಿಲೆಗೆ ಅದೇ ಆಸ್ಪತ್ರೆಗಳಿಗೆ ದಾಖಲಾಗಿದ್ದವರಲ್ಲಿ ಸಿಗಲಿಲ್ಲ. ಲಿಚಿಯ ತಿರುಳಿನಲ್ಲಿ ಹೈಪೋಗ್ಲೈಸಿನ್-ಎ ಪ್ರತಿ ಗ್ರಾಮಿಗೆ 12.4ರಿಂದ 152 ಮೈಕ್ರೋಗ್ರಾಂ, ಇನ್ನೊಂದು ವಿಷ 44.9ರಿಂದ 220 ಮೈಕ್ರೋಗ್ರಾಂ ಇತ್ತು. ಒಂದೇ ಜಾತಿಯ ಹಣ್ಣಿನಲ್ಲಿ ಹನ್ನೆರಡು ಪಟ್ಟು ಏರಿಳಿತ! "ಲಿಚಿಯಲ್ಲಿ ಇಷ್ಟು ವಿಷವಿದೆ" ಎಂದು ಒಂದೇ ಸಂಖ್ಯೆ ಹೇಳುವವರನ್ನು ನಾನು ನಂಬದಿರಲು ಇದೊಂದೇ ಸಾಕು.

ಇದಕ್ಕಿಂತ ಮುಖ್ಯವಾದದ್ದು ಊಟದ ಲೆಕ್ಕ. ಹಿಂದಿನ 24 ಗಂಟೆಗಳಲ್ಲಿ ಲಿಚಿ ತಿಂದಿದ್ದುದು ರೋಗದೊಂದಿಗೆ ಬಲವಾಗಿ ತಳುಕು ಹಾಕಿಕೊಂಡಿತ್ತು. ರಾತ್ರಿ ಊಟ ಮಾಡದೆ ಮಲಗಿದವರಲ್ಲಿ ಆ ನಂಟು ಇನ್ನೂ ಬಲವಾಗಿತ್ತು. ಉಪವಾಸವಿರುವಾಗ ದೇಹ ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚು ಮಾಡಿ, ಅದು ಮುಗಿದ ಮೇಲೆ ಕೊಬ್ಬನ್ನು ಉರಿಸಿ ಹೊಸ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಹೈಪೋಗ್ಲೈಸಿನ್ ಆ ಎರಡನೇ ದಾರಿಯನ್ನೇ ಮುಚ್ಚುತ್ತದೆ. ಹೊಟ್ಟೆ ತುಂಬ ಉಂಡು ಮಲಗುವ ಮಗುವಿಗೆ ಮೊದಲನೆಯ ಉಗ್ರಾಣವೇ ಬೆಳಗಿನವರೆಗೆ ಸಾಕು. ದಿನವಿಡೀ ತೋಟದಲ್ಲಿ ಬಿದ್ದ ಹಣ್ಣು ತಿಂದು, ಹಸಿವಿಲ್ಲವೆಂದು ಊಟ ಬಿಟ್ಟ ಬಡಕಲು ಮಗುವಿನಲ್ಲಿ ಆ ಉಗ್ರಾಣ ನಡುರಾತ್ರಿಗೇ ಖಾಲಿಯಾಗುತ್ತದೆ. ಆದ್ದರಿಂದ ತನಿಖೆಯ ಶಿಫಾರಸು ಲಿಚಿ ನಿಷೇಧವಲ್ಲ: ಮಕ್ಕಳು ಲಿಚಿ ಕಡಿಮೆ ತಿನ್ನಲಿ, ರಾತ್ರಿ ಊಟ ತಪ್ಪದಿರಲಿ, ಆಸ್ಪತ್ರೆಗೆ ಬಂದ ಮಗುವಿನ ರಕ್ತದ ಸಕ್ಕರೆಯನ್ನು ತಕ್ಷಣ ಸರಿಪಡಿಸಲಿ. ಮಂಡಿಯವರು ಗಿರಾಕಿಗಳಿಗೆ ಧೈರ್ಯವಾಗಿ ಹೇಳಬಹುದಾದ ಮಾತಿದು: ಊಟವಾದ ಮೇಲೆ ನಾಲ್ಕು ಮಾಗಿದ ಲಿಚಿ ತಿನ್ನುವ ದಾವಣಗೆರೆಯ ಮಗುವಿನ ಸ್ಥಿತಿ ಅಲ್ಲಿನದಲ್ಲ.

ಹೊಂಬಣ್ಣ

ಸರ್, ಅಕೀಯ ಮಿತಿ 100 ಪಿಪಿಎಂ ಅಂದರೆ ಪ್ರತಿ ಗ್ರಾಮಿಗೆ 100 ಮೈಕ್ರೋಗ್ರಾಂ. ಲಿಚಿಯಲ್ಲಿ 152 ಸಿಕ್ಕಿದೆ ಎಂದರೆ ಮಿತಿ ಮೀರಿದಂತಾಗಲಿಲ್ಲವೇ?

ಲ್ಯಾಬ್ ತಕ್ಕಡಿ

ಹಾಗೆ ಹೋಲಿಸುವ ಮೊದಲು ಎರಡೂ ಸಂಖ್ಯೆಗಳ ತೂಕದ ಆಧಾರ ಒಂದೇ ಆಗಿರಬೇಕು. ಲಿಚಿಯ ತಿರುಳಿನಲ್ಲಿ ಸುಮಾರು ಶೇಕಡ 80 ನೀರು. ಹಸಿ ತೂಕದಲ್ಲಿ ಪ್ರತಿ ಗ್ರಾಮಿಗೆ 40 ಮೈಕ್ರೋಗ್ರಾಂ ಇರುವ ಹಣ್ಣನ್ನು ಒಣಗಿಸಿ ಅಳೆದು ಒಣ ತೂಕದಲ್ಲಿ ಬರೆದರೆ ಅದೇ ಹಣ್ಣು 200 ಆಗಿ ಕಾಣುತ್ತದೆ. ಪತ್ರಿಕೆಗಳಲ್ಲಿ ಬರುವ ಸಂಶೋಧನಾ ಲೇಖನಗಳಲ್ಲಿ ಹಸಿ ಮತ್ತು ಒಣ ಎರಡು ಬಗೆಯೂ ಇವೆ. ಇದಲ್ಲದೆ 100 ಪಿಪಿಎಂ ಎಂಬುದು ಡಬ್ಬಿಯ ಅಕೀಗಾಗಿ ಒಂದು ದೇಶ ಹಾಕಿಕೊಂಡ ಗೆರೆ, ಬೇರೆ ಹಣ್ಣಿನ ಮೇಲೆ ಅದನ್ನು ಎಳೆದು ತರುವಂತಿಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ಹಣ್ಣಿನ ತೇವಾಂಶವನ್ನು ಓವನ್ನಿನಲ್ಲಿ ಒಣಗಿಸಿ ಅಳೆದು ಪಕ್ಕದಲ್ಲೇ ಬರೆದಿಟ್ಟರೆ, ಮುಂದೆ ಓದುವವರು ಯಾವ ಆಧಾರಕ್ಕೆ ಬೇಕಾದರೂ ಬದಲಾಯಿಸಿಕೊಳ್ಳಬಹುದು.

ಲಿಚಿಯ ವಿಷಗಳನ್ನು ಅಳೆಯುವ ಯಂತ್ರದ ವಿಚಾರಕ್ಕೆ ಬರುತ್ತೇನೆ. ಹೈಪೋಗ್ಲೈಸಿನ್ ಬಣ್ಣವಿಲ್ಲದ ವಸ್ತು, ನೇರಳಾತೀತ ಬೆಳಕನ್ನೂ ಸರಿಯಾಗಿ ಹೀರುವುದಿಲ್ಲ, ಆದ್ದರಿಂದ ಸಾಮಾನ್ಯ ದ್ರವ ವರ್ಣಲೇಖನದಲ್ಲಿ (ಲಿಕ್ವಿಡ್ ಕ್ರೊಮ್ಯಾಟೊಗ್ರಫಿ, ಮಿಶ್ರಣದ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುವ ವಿಧಾನ) ಅದನ್ನು ನೋಡಬೇಕಾದರೆ ಮೊದಲು ಬಣ್ಣ ಅಥವಾ ಹೊಳಪು ಕೊಡುವ ಇನ್ನೊಂದು ರಾಸಾಯನಿಕವನ್ನು ಅದಕ್ಕೆ ಅಂಟಿಸಬೇಕು. ಹಣ್ಣಿನಲ್ಲಿರುವ ಲ್ಯೂಸಿನ್, ಐಸೊಲ್ಯೂಸಿನ್ ಮೊದಲಾದ ಸಾಧು ಅಮೈನೋ ಆಮ್ಲಗಳಿಗೂ ಅದೇ ಬಣ್ಣ ಅಂಟುತ್ತದೆ, ಅವು ವಿಷದ ಶಿಖರದ ಅಕ್ಕಪಕ್ಕದಲ್ಲೇ ಬಂದು ನಿಲ್ಲುತ್ತವೆ. ಹಾಗಾಗಿ ಈಗ ದ್ರವ ವರ್ಣಲೇಖನಕ್ಕೆ ರಾಶಿ ರೋಹಿತಮಾಪಕ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತಾರೆ. ಅದು ಅಣುವನ್ನು ತೂಕದಿಂದ ಗುರುತಿಸುತ್ತದೆ: ಹೈಪೋಗ್ಲೈಸಿನ್-ಎ 142ರಲ್ಲಿ, ಇನ್ನೊಂದು 128ರಲ್ಲಿ, ಲ್ಯೂಸಿನ್ 132ರಲ್ಲಿ. ಆದರೂ ಹಣ್ಣಿನ ಸಕ್ಕರೆ ಯಂತ್ರದ ಸಂಕೇತವನ್ನು ಅದುಮುತ್ತದೆ. ಅದಕ್ಕಾಗಿ ಗೊತ್ತಿರುವ ಪ್ರಮಾಣದ ವಿಷವನ್ನು ಹಣ್ಣಿಗೇ ಬೆರೆಸಿ, ಅದರಲ್ಲಿ ಎಷ್ಟು ಪಾಲು ಮರಳಿ ಸಿಗುತ್ತದೆಂದು ನೋಡುತ್ತೇವೆ. ಹಾಕಿದ ನೂರರಲ್ಲಿ ಅರವತ್ತೇ ಸಿಕ್ಕರೆ ಆ ವಿಧಾನದ ಉಳಿದ ಸಂಖ್ಯೆಗಳಿಗೂ ಬೆಲೆಯಿಲ್ಲ. ಯಾವ ಪ್ರಯೋಗಾಲಯಕ್ಕೆ ಕಳುಹಿಸಿದರೂ ಈ ಮರುಪ್ರಾಪ್ತಿಯ ಅಂಕಿಯನ್ನು ಮೊದಲು ಕೇಳಿ.

ದಿನಾಜ್‌ಪುರದ ಮಾತೂ ನೆನಪಿಗೆ ಬಂತು. 2012ರಲ್ಲಿ ಬಾಂಗ್ಲಾದೇಶದ ಆ ಜಿಲ್ಲೆಯ ಲಿಚಿ ತೋಟಗಳ ಬಳಿ ಮಕ್ಕಳು ಸತ್ತಾಗ ಅಲ್ಲಿನ ತನಿಖೆಗಾರರು ಕೀಟನಾಶಕದ ಕಡೆ ಬೆರಳು ತೋರಿಸಿದರು. ಹಣ್ಣಿನಲ್ಲಿ ಸಹಜ ವಿಷ ಸಿಕ್ಕಿತೆಂದು ಸಿಂಪಡಣೆಯ ವಿಷವನ್ನು ಹುಡುಕದೆ ಬಿಡುವುದು ಸರಿಯಲ್ಲ.

ಗುಡ್ಡದ ಸೀತಾಫಲ (ಚಿತ್ರದುರ್ಗ)

ಜೋಗಿಮಟ್ಟಿಯ ಕಡೆಯ ಹಳ್ಳಿಯವನು ನಾನು. ನಮ್ಮ ಗುಡ್ಡದ ಸೀತಾಫಲ ಮಳೆಗಾಲದ ಕೊನೆಗೆ ಬುಟ್ಟಿಗಳಲ್ಲಿ ಪೇಟೆಗೆ ಬರುತ್ತದೆ, ಹೆಂಗಸರು ರಸ್ತೆ ಬದಿಯಲ್ಲಿ ಕೂತು ಮಾರುತ್ತಾರೆ. ತಲೆತಲಾಂತರದಿಂದ ತಿಂದ ಹಣ್ಣಿಗೆ ವಿಷವೆಂಬ ಹೆಸರು ಕಟ್ಟುವುದು ನನಗೆ ಸರಿಕಾಣುತ್ತಿಲ್ಲ. ಬೀಜದ ವಿಚಾರ ನಮಗೂ ಗೊತ್ತು. ಬೀಜ ಅರೆದು ತಲೆಗೆ ಹಚ್ಚಿದರೆ ಹೇನು ಸಾಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ. ತಿರುಳಿನಲ್ಲಿ ಏನಿದೆ?

ಲ್ಯಾಬ್ ತಕ್ಕಡಿ

ಅಣ್ಣಾ, ನೀವು ಹೇಳಿದ್ದರಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಹೇನನ್ನು ಕೊಲ್ಲುವ ಅಸಿಟೋಜೆನಿನ್‌ಗಳು ಬೀಜದಲ್ಲಿ ದಟ್ಟವಾಗಿವೆ. ಬೀಜದ ಪುಡಿ ಕಣ್ಣಿಗೆ ಬಿದ್ದು ಕಾರ್ನಿಯ ಹಾಳಾದ ಪ್ರಕರಣಗಳನ್ನು ಭಾರತದ ಕಣ್ಣಿನ ವೈದ್ಯರೇ ದಾಖಲಿಸಿದ್ದಾರೆ. ಆತಂಕ ಶುರುವಾದದ್ದು ಸೀತಾಫಲದಿಂದಲ್ಲ, ಅದರ ಬಂಧು ಲಕ್ಷ್ಮಣಫಲದಿಂದ. ಹನುಮಫಲ ಎಂದೂ ಅದನ್ನು ಕರೆಯುತ್ತಾರೆ. ಕೆರಿಬಿಯನ್ ಕಡಲಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ, ಆದರೆ ಅದರ ಔಷಧಿಗೆ ಬಗ್ಗದ ರೋಗ ವಿಪರೀತವಾಗಿದೆಯೆಂದು 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು, ಅಲ್ಲಿಯವರು ಆ ಹಣ್ಣನ್ನೂ ಅದರ ಎಲೆಯ ಕಷಾಯವನ್ನೂ ಬಹಳ ಬಳಸುತ್ತಿದ್ದರು. ಅದರ ಅನ್ನೊನಾಸಿನ್ ಎಂಬ ವಸ್ತು ಜೀವಕೋಶದ ಶಕ್ತಿ ಉತ್ಪಾದನೆಯ ಮೊದಲ ಕಿಣ್ವಗುಂಪನ್ನೇ ತಡೆಯುತ್ತದೆ. ಒಂದು ಹಣ್ಣಿನಲ್ಲಿ ಸುಮಾರು 15 ಮಿಲಿಗ್ರಾಂ ಇದೆಯೆಂದು ಫ್ರೆಂಚ್ ಸಂಶೋಧಕರು ಅಳೆದಿದ್ದಾರೆ. ಇಷ್ಟಿದ್ದರೂ ಹಣ್ಣೇ ರೋಗಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಋತುವಿನಲ್ಲಿ ಒಂದೆರಡು ತಿಂಗಳು ಸೀತಾಫಲ ತಿನ್ನುವ ನಮ್ಮವರನ್ನು ಹೆದರಿಸಲು ಅದು ಆಧಾರವಾಗದು. ಕ್ಯಾನ್ಸರ್ ಹೋಗುತ್ತದೆಂದು ಲಕ್ಷ್ಮಣಫಲದ ಎಲೆಯ ಕಷಾಯವನ್ನು ವರ್ಷಗಟ್ಟಲೆ ಕುಡಿಯುವವರನ್ನು ಮಾತ್ರ ನಾನು ತಡೆಯುತ್ತೇನೆ.

ಅಳೆಯುವವರಿಗೆ ಇಲ್ಲೊಂದು ಎಚ್ಚರಿಕೆ. ಸೀತಾಫಲವನ್ನು ಮಿಕ್ಸಿಗೆ ಹಾಕುವಾಗ ನಾಲ್ಕು ಬೀಜ ಒಡೆದರೂ ತಿರುಳಿನ ಸಂಖ್ಯೆ ಪೂರ್ತಿ ಕೆಡುತ್ತದೆ. ಕೈಯಿಂದಲೇ ಬೀಜ ಬಿಡಿಸಬೇಕು. ಮಿಲ್ಕ್‌ಶೇಕ್ ಮಾಡುವ ಅಂಗಡಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೊಂಬಣ್ಣ

ನಮ್ಮ ಕಲರಿಮೀಟರ್ ಯಾವುದಕ್ಕೂ ಉಪಯೋಗವಿಲ್ಲವೇ, ಸರ್?

ಲ್ಯಾಬ್ ತಕ್ಕಡಿ

ಸಯನೈಡಿಗೆ ಉಪಯೋಗವಾಗುತ್ತದೆ. ಪ್ಯಾಷನ್ ಫ್ರೂಟಿನ ಕಾಯಿಯಲ್ಲಿ, ಮರಗೆಣಸಿನಲ್ಲಿ, ಕಳಲೆಯಲ್ಲಿ ಸಯನೈಡ್ ಬಿಡುವ ಗ್ಲೈಕೋಸೈಡ್‌ಗಳಿವೆ. ಮುಚ್ಚಿದ ಸೀಸೆಯಲ್ಲಿ ಅರೆದ ಮಾದರಿಯ ಮೇಲೆ ಸೋಡಿಯಂ ಪಿಕ್ರೇಟ್ ಹಚ್ಚಿದ ಹಳದಿ ಕಾಗದವನ್ನು ತೂಗುಬಿಟ್ಟರೆ ಅದು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ನೀರಿಗಿಳಿಸಿ ಕಲರಿಮೀಟರಿನಲ್ಲಿ ಓದಬಹುದು. ಇಲ್ಲಿ ಆಕ್ಸಲೇಟಿನ ಹಾಗೆ ನಿಧಾನ ಮಾಡುವುದು ಸಲ್ಲದು. ಅರೆದ ಕೂಡಲೇ ಹಣ್ಣಿನ ಕಿಣ್ವ ಗ್ಲೈಕೋಸೈಡನ್ನು ಒಡೆದು ಸಯನೈಡನ್ನು ಗಾಳಿಗೆ ಬಿಡತೊಡಗುತ್ತದೆ, ತೆರೆದ ಬಟ್ಟಲಲ್ಲಿ ಹತ್ತು ನಿಮಿಷ ಇಟ್ಟರೆ ಅಳೆಯಬೇಕಾದದ್ದೇ ಹಾರಿಹೋಗಿರುತ್ತದೆ. ಇನ್ನೊಂದು ಮಾತು: ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ಕಾಲೇಜಿನ ಕಪಾಟಿನ ಮೂಲೆಯಲ್ಲಿ ಹಳೆಯ ಬಾಟಲಿಯಿದ್ದು ಮುಚ್ಚಳದ ಸುತ್ತ ಹರಳು ಕಟ್ಟಿದ್ದರೆ ತಿರುಗಿಸಲು ಹೋಗದೆ ಅಗ್ನಿಶಾಮಕದವರಿಗೆ ತಿಳಿಸಿ.

ಬ್ಯುರೆಟ್ ಮೇಷ್ಟ್ರು

ಚರ್ಚೆಯಿಂದ ನಮ್ಮ ದಾರಿ ಸ್ಪಷ್ಟವಾಯಿತು. ಲಿಚಿ ಮತ್ತು ಸೀತಾಫಲವನ್ನು ಮಕ್ಕಳು ಓದಿ ಬರೆಯುತ್ತಾರೆ, ಅಳೆಯುವುದಿಲ್ಲ. ಕಮರಾಕ್ಷಿಯನ್ನು ಮಾತ್ರ ಕಾಯಿ, ದೋರುಗಾಯಿ, ಹಣ್ಣು ಎಂದು ವಿಂಗಡಿಸಿ, ಕರಗುವ ಮತ್ತು ಒಟ್ಟು ಆಕ್ಸಲೇಟನ್ನು ಕ್ಯಾಲ್ಸಿಯಂ ಗಸಿಯ ವಿಧಾನದಲ್ಲಿ ಅಳೆದು, ಹಸಿ ತೂಕಕ್ಕೆ ಬರೆದು, ಪಕ್ಕದಲ್ಲಿ ತೇವಾಂಶ ಕೊಡುತ್ತೇವೆ. ಚಾರ್ಟಿನ ತಲೆಯಲ್ಲಿಯೇ ಮೂತ್ರಪಿಂಡ ರೋಗಿಗಳು ಈ ಹಣ್ಣನ್ನು ತಿನ್ನಬಾರದು, ಈ ಅಳತೆ ನರವಿಷವನ್ನು ತೋರಿಸುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ. ಒಂದು ಅನುಮಾನ ಉಳಿದಿದೆ: ಪ್ರತಿ ಹಂತಕ್ಕೆ ಒಂದೊಂದು ಹಣ್ಣು ಸಾಕೇ?

ಲ್ಯಾಬ್ ತಕ್ಕಡಿ

ಸಾಲದು. ಲಿಚಿಯಲ್ಲಿ ಹನ್ನೆರಡು ಪಟ್ಟು ಏರಿಳಿತ ನೋಡಿದಿರಲ್ಲ. ಪ್ರತಿ ಹಂತದಲ್ಲಿ ಹತ್ತು ಹಣ್ಣಾದರೂ ತೆಗೆದು, ಐದನ್ನು ಬಿಡಿಬಿಡಿಯಾಗಿ ಅಳೆಯಿರಿ, ಉಳಿದವನ್ನು ಒಟ್ಟಿಗೆ ಅರೆದು ಅಳೆಯಿರಿ. ಬಿಡಿ ಹಣ್ಣುಗಳ ನಡುವಿನ ವ್ಯತ್ಯಾಸ ನಿಮ್ಮ ಟೈಟ್ರೇಷನ್ನಿನ ದೋಷಕ್ಕಿಂತ ಎಷ್ಟು ದೊಡ್ಡದೆಂದು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಹಂತಗಳನ್ನು ಕಣ್ಣಂದಾಜಿನಲ್ಲಿ ಬಿಡದೆ ಸಿಪ್ಪೆಯ ಹಸಿರು ಎಷ್ಟು ಭಾಗ ಉಳಿದಿದೆ ಎಂಬುದರ ಮೇಲೆ ನಿರ್ಧರಿಸಿ ಫೋಟೊ ತೆಗೆದಿಡಿ.

ಮಂಡಿ ಲೆಕ್ಕ

ಮೇಷ್ಟ್ರೇ, ಹಣ್ಣು ಬೇಕಾದಾಗ ಹಿಂದಿನ ದಿನ ತಿಳಿಸಿ. ಬೆಳಗ್ಗೆ ಕ್ರೇಟ್ ಒಡೆಯುವ ಮೊದಲೇ ಹುಡುಗರನ್ನು ಕಳುಹಿಸಿದರೆ ಒಂದೇ ತೋಟದ ಮಾಲು ಮೂರು ಹಂತದ್ದೂ ಸಿಗುತ್ತದೆ. ಎಂಟು ಗಂಟೆ ದಾಟಿದರೆ ನಾಲ್ಕು ಕಡೆಯ ಹಣ್ಣು ಒಂದೇ ರಾಶಿಯಲ್ಲಿ ಬೆರೆತಿರುತ್ತದೆ, ಆಮೇಲೆ ಯಾವುದು ಎಲ್ಲಿಯದೆಂದು ನಾನೂ ಹೇಳಲಾರೆ.